ಕೈಯಲ್ಲಿರುವುದೇ ಹೆಸರು: ಚರ್ಚಿನಲ್ಲಿ ಸಂತರನ್ನು ಗುರುತು ಹಿಡಿಯುವುದು ಹೇಗೆ?

ಪಕ್ಕದ ಮನೆ ಅಕ್ಕನನ್ನು ಮೊದಲ ಸಲ ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಒಳಗೆಲ್ಲ ನಿಧಾನವಾಗಿ ಸುತ್ತಿ ನೋಡಿದರು. ಹೊರಗೆ ಬಂದು ಕೂತ ಮೇಲೆ ಕೇಳಿದರು, "ಅಲ್ಲ ಕಣಮ್ಮ, ಎಲ್ಲರಿಗೂ ನಿಲುವಂಗಿ, ಎಲ್ಲರ ತಲೆ ಹಿಂದೆ ಬೆಳಕಿನ ಬಳೆ. ಯಾರು ಯಾರು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಸೋಮನಾಥಪುರದಲ್ಲಿ ನಿಮಗೆ ಹೇಗೆ ಗೊತ್ತಾಗುತ್ತೆ ಅಕ್ಕ?" ಅಂದೆ.

ಅವರಿಗೆ ತಕ್ಷಣ ಹೊಳೆಯಿತು. ಶಂಖ ಚಕ್ರ ಹಿಡಿದಿದ್ದರೆ ವಿಷ್ಣು, ತ್ರಿಶೂಲ ಡಮರು ಇದ್ದರೆ ಶಿವ. ವಿಷ್ಣುವಿನಲ್ಲೇ 24 ರೂಪಗಳಿವೆ. ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕ್ರಮದಲ್ಲಿ ಬಂದಿವೆ ಅನ್ನುವುದರ ಮೇಲೆ ಕೇಶವನೋ ಮಾಧವನೋ ಅಂತ ತೀರ್ಮಾನ. ಬಸದಿಗೆ ಹೋದರೂ ಅಷ್ಟೇ. ತೀರ್ಥಂಕರರ ಮುಖಗಳೆಲ್ಲ ಒಂದೇ ಥರ ಶಾಂತ. ಪೀಠದ ಮೇಲಿನ ಲಾಂಛನ ನೋಡಬೇಕು. ಎತ್ತು ಇದ್ದರೆ ಆದಿನಾಥ, ಸಿಂಹ ಇದ್ದರೆ ಮಹಾವೀರ. ಅಂದರೆ ಈ ಓದು ನಮಗೆ ಹೊಸದೇನಲ್ಲ. ಚರ್ಚಿನಲ್ಲಿ ಅಕ್ಷರಮಾಲೆ ಮಾತ್ರ ಬೇರೆ.

ಕ್ರೈಸ್ತ ಸಂತರಿಗೂ ಲಾಂಛನಗಳಿವೆ. ಅಕ್ಷರ ಬಾರದ ಜನರೇ ಜಾಸ್ತಿ ಇದ್ದ ಕಾಲದಲ್ಲಿ ಯುರೋಪಿನ ಚಿತ್ರಕಾರರು, ಶಿಲ್ಪಿಗಳು ಇವನ್ನು ಬಳಕೆಗೆ ತಂದರು. ಕೆಳಗೆ ಹೆಸರು ಬರೆದು ಪ್ರಯೋಜನವಿರಲಿಲ್ಲ. ಅದಕ್ಕೇ ಹೆಸರನ್ನು ಕೈಗೇ ಕೊಟ್ಟರು. ಹೀಗಾಗಿ ನೋಡುವುದಕ್ಕೂ ಒಂದು ಕ್ರಮ ಇದೆ. ನಾನು ಪಾಲಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ, ನಡೆಯದ ಹೊತ್ತಿನಲ್ಲಿ ಹೋಗಿ. ಪ್ರಾರ್ಥನೆಗೆ ಕೂತವರ ಮುಂದೆ ಅಡ್ಡಾಡಬೇಡಿ. ಫೋಟೋ ತೆಗೆಯಬಹುದೇ ಎಂದು ಅಲ್ಲಿದ್ದವರನ್ನು ಕೇಳಿ. ಬೇಡ ಅಂದರೆ ಬೇಡ, ಒಂದು ಪುಟ್ಟ ನೋಟ್‌ಬುಕ್ ಸಾಕು. ಬಣ್ಣದ ಗಾಜಿನ ಕಿಟಕಿ ನೋಡಬೇಕಿದ್ದರೆ ಬಿಸಿಲು ಇರಲೇಬೇಕು. ಮೋಡ ಕವಿದ ದಿನ ಅರ್ಧ ವಿವರ ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಯಾವ ಕಿಟಕಿಯಾದರೂ ಬರೀ ಕಪ್ಪು.

ಮೊದಲು ಕೈ

ಮುಖವನ್ನು ಆಮೇಲೆ ನೋಡೋಣ. ಪೇತ್ರರಾಗಲಿ ಪೌಲರಾಗಲಿ ಹೇಗಿದ್ದರು ಎಂದು ಕಣ್ಣಾರೆ ಕಂಡ ಚಿತ್ರಕಾರ ಯಾರೂ ಇಲ್ಲ. ಹಾಗಾಗಿ ಮೊದಲು ಬಲಗೈ, ಆಮೇಲೆ ಎಡಗೈ.

ಬೀಗದ ಕೈ ಕಂಡರೆ ಸಂತ ಪೇತ್ರ. ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಕೊಡುತ್ತೇನೆ ಎಂದು ಯೇಸು ಅವರಿಗೆ ಹೇಳಿದ ಮಾತು ಮತ್ತಾಯನ ಶುಭಸಂದೇಶದಲ್ಲಿದೆ (ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಲ್ಲಿ ಒಂದು). ಸಾಮಾನ್ಯವಾಗಿ ಎರಡು ಕೀ ಇರುತ್ತವೆ, ಒಂದು ಚಿನ್ನದ್ದು, ಒಂದು ಬೆಳ್ಳಿಯದು. ಪಕ್ಕದಲ್ಲಿ ಹುಂಜ ಇದ್ದರೂ ಪೇತ್ರರೇ. ಕೋಳಿ ಕೂಗುವ ಮೊದಲು ಮೂರು ಸಲ "ಆತ ಯಾರೋ ನನಗೆ ಗೊತ್ತಿಲ್ಲ" ಎಂದು ಗುರುವನ್ನು ನಿರಾಕರಿಸಿದ್ದು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತದ್ದು ಆ ಒಂದು ಹುಂಜದಲ್ಲಿದೆ. ಸಂತನ ಸೋಲನ್ನೂ ಮುಚ್ಚಿಡದೆ ಪಕ್ಕದಲ್ಲೇ ನಿಲ್ಲಿಸುವ ಈ ಪದ್ಧತಿ ನನಗೆ ತುಂಬ ಇಷ್ಟ.

ಕತ್ತಿ ಮತ್ತು ಪುಸ್ತಕ ಇದ್ದರೆ ಸಂತ ಪೌಲ. ಪುಸ್ತಕ ಅವರು ಬರೆದ ಪತ್ರಗಳಿಗಾಗಿ, ಕತ್ತಿ ಅವರ ತಲೆ ಕಡಿದದ್ದಕ್ಕಾಗಿ. ಇಲ್ಲಿ ಒಂದು ಸೂತ್ರ ನೆನಪಿಡಿ. ರಕ್ತಸಾಕ್ಷಿಗಳು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರು, ಬಹಳ ಸಲ ತಮ್ಮನ್ನು ಹಿಂಸಿಸಿದ ಆಯುಧವನ್ನೇ ಹಿಡಿದಿರುತ್ತಾರೆ. ಇಂಗ್ಲಿಷಿನ ಎಕ್ಸ್ ಅಕ್ಷರದಂಥ ಓರೆ ಶಿಲುಬೆ ಸಂತ ಅಂದ್ರೆಯರದು. ಕಬ್ಬಿಣದ ಸರಳುಗಳ ಜಾಲರಿ ಸಂತ ಲಾರೆನ್ಸರದು, 258ರಲ್ಲಿ ರೋಮ್‌ನಲ್ಲಿ ಪ್ರಾಣ ಕೊಟ್ಟವರು. ಕಾರ್ಕಳದ ಅತ್ತೂರಿನಲ್ಲಿರುವ ಇವರ ಚರ್ಚಿಗೆ ಹೋಗಿ ಬಂದವರಿಗೆ ಇವರ ಹೆಸರು ಗೊತ್ತಿರುತ್ತದೆ. ಕಲ್ಲುಗಳು ಸ್ತೇಫನರದು. ಗರಗಸ ಸಿಮೋನರದು. ಮುಳ್ಳುಗಳಿರುವ ಚಕ್ರ, ಅದೂ ಮುರಿದದ್ದು, ಅಲೆಕ್ಸಾಂಡ್ರಿಯಾದ ಕ್ಯಾಥರೀನಮ್ಮನವರದು. ತಟ್ಟೆಯಲ್ಲಿ ಎರಡು ಕಣ್ಣುಗಳಿದ್ದರೆ ಲೂಸಿಯಮ್ಮ. ಬಾರ್ತೊಲೊಮಾಯರ ಕೈಯಲ್ಲಿ ಚಾಕು, ಕೆಲವು ಚಿತ್ರಗಳಲ್ಲಿ ಅವರದೇ ಸುಲಿದ ಚರ್ಮ. ಮಕ್ಕಳು ಜೊತೆಗಿದ್ದರೆ ಇದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು.

ಸಂತ ತೋಮಾಸರ ಕೈಯಲ್ಲಿ ಗಾರೆ ಕೆಲಸದವರು ಬಳಸುವ ಮೂಲೆಮಟ್ಟ ಇರುತ್ತದೆ. ಗೊಂಡೊಫರೆಸ್ ಎಂಬ ರಾಜನಿಗೆ ಅರಮನೆ ಕಟ್ಟಲು ಭಾರತಕ್ಕೆ ಬಂದರು, ಕೊಟ್ಟ ಹಣವನ್ನೆಲ್ಲ ಬಡವರಿಗೆ ಹಂಚಿ, ನಿಮ್ಮ ಅರಮನೆ ಸ್ವರ್ಗದಲ್ಲಿ ಎದ್ದಿದೆ ಎಂದರು ಎಂಬುದು ಹಳೆಯ ಕಥೆ. ಈಟಿ ಇದ್ದರೂ ತೋಮಾಸರೇ. ಚೆನ್ನೈನಲ್ಲಿ ಈಟಿಯ ತಿವಿತಕ್ಕೆ ಸತ್ತರು ಎಂಬ ನಂಬಿಕೆ ಇದೆ.

ಆಯುಧ ಯಾವುದೂ ಇಲ್ಲದೆ ಕೈಯಲ್ಲಿ ಬರೀ ತಾಳೆ ಜಾತಿಯ ಮರದ ಒಂದು ಉದ್ದನೆ ಗರಿ ಇದೆಯಾ? ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ನಾವು ಹಿಡಿಯುವಂಥ ಗರಿ. ಅದು ರಕ್ತಸಾಕ್ಷಿ ಅನ್ನುವುದರ ಗುರುತು, ಸಾವನ್ನು ಗೆದ್ದವರು ಅಂತ ಅರ್ಥ. ಆದರೆ ಗರಿ ಇಡೀ ಗುಂಪಿನ ಗುರುತು. ಅದೊಂದರಿಂದ ಹೆಸರು ಸಿಗುವುದಿಲ್ಲ, ಬೇರೆ ವಸ್ತು ಹುಡುಕಬೇಕು. ಪುಸ್ತಕವೂ ಹಾಗೇ, ಲಿಲ್ಲಿ ಹೂವೂ ಹಾಗೇ, ತುದಿ ಬಾಗಿದ ಬಿಷಪ್ಪರ ದಂಡವೂ ಹಾಗೇ. ಹೊಸಬರು ಎಡವುವುದು ಇಲ್ಲೇ. ಲಿಲ್ಲಿ ಕಂಡ ತಕ್ಷಣ "ಜೋಸೆಫರು" ಅಂದುಬಿಡುತ್ತಾರೆ.

ಆಮೇಲೆ ಕಾಲಡಿ

ಕೈ ನೋಡಿ ಆದ ಮೇಲೆ ಕಣ್ಣು ಕೆಳಗೆ ಬರಲಿ. ಪ್ರಾಣಿಗಳು ಇರುವುದು ಹೆಚ್ಚಾಗಿ ಅಲ್ಲೇ. ಕಾಲ ಬಳಿ ನಾಯಿ, ಅದರ ಬಾಯಲ್ಲಿ ರೊಟ್ಟಿ, ಜೊತೆಗೆ ಆ ವ್ಯಕ್ತಿ ತೊಡೆಯ ಮೇಲಿನ ಹುಣ್ಣು ತೋರಿಸುತ್ತಿದ್ದರೆ ಸಂತ ರೋಕ್. ಪ್ಲೇಗ್ ರೋಗಿಗಳ ಸೇವೆ ಮಾಡಿ ತಾವೇ ಕಾಯಿಲೆ ಬಿದ್ದಾಗ ಒಂದು ನಾಯಿ ರೊಟ್ಟಿ ತಂದುಕೊಟ್ಟಿತಂತೆ. ಅದೇ ನಾಯಿ ಬಾಯಲ್ಲಿ ಉರಿಯುವ ಪಂಜು ಕಚ್ಚಿದ್ದರೆ ಸಂತ ದೊಮಿನಿಕ್. ಕುದುರೆ ಮೇಲೆ ಕೂತು ಘಟಸರ್ಪವನ್ನು ಈಟಿಯಿಂದ ತಿವಿಯುತ್ತಿದ್ದರೆ ಸಂತ ಜಾರ್ಜ್. ರೆಕ್ಕೆ ಇದ್ದು, ಕಾಲಡಿ ಸೈತಾನನನ್ನು ತುಳಿದು, ಕೈಯಲ್ಲಿ ಕತ್ತಿಯೋ ತಕ್ಕಡಿಯೋ ಇದ್ದರೆ ಮಹಾದೂತ ಮಿಕಾಯೇಲ.

ಕುರಿಮರಿ ವಿಷಯದಲ್ಲಿ ಜೋಪಾನ. ಒಂಟೆ ಕೂದಲಿನ ಒರಟು ಬಟ್ಟೆ, ತೆಳ್ಳಗಿನ ಉದ್ದನೆ ಶಿಲುಬೆ, ಜೊತೆಗೆ ಕುರಿಮರಿ ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ. ಎಳೆ ಹುಡುಗಿಯ ತೋಳಲ್ಲಿ ಕುರಿಮರಿ ಇದ್ದರೆ ಸಂತ ಆಗ್ನೆಸ್.

ರೆಕ್ಕೆ ಇರುವ ನಾಲ್ಕು ರೂಪಗಳು ಒಟ್ಟಿಗೆ ಕಂಡರೆ ಅವು ನಾಲ್ಕು ಶುಭಸಂದೇಶಕಾರರು. ಮನುಷ್ಯ ಮತ್ತಾಯ, ಸಿಂಹ ಮಾರ್ಕ, ಎತ್ತು ಲೂಕ, ಹದ್ದು ಯೊವಾನ್ನ. ಬಲಿಪೀಠ, ಪ್ರವಚನ ಪೀಠ, ಬೈಬಲಿನ ರಟ್ಟು, ಹೀಗೆ ಮೂಲೆ ನಾಲ್ಕಿರುವ ಕಡೆ ಇವರನ್ನು ಹುಡುಕಿ. ಅಕ್ಕನ ಮೊಮ್ಮಗ ಒಂದು ಹಳೆಯ ಬೈಬಲಿನ ಮೇಲೆ ಲೂಕರ ಎತ್ತನ್ನು ನೋಡಿ "ಅಜ್ಜಿ, ಇಲ್ಲೂ ನಂದಿ!" ಎಂದು ಕೂಗಿದ್ದ. ಚಾಮುಂಡಿ ಬೆಟ್ಟ ನೋಡಿಕೊಂಡು ಬೆಳೆಯುವ ಮಗುವಿಗೆ ಇನ್ನೇನು ತೋಚಬೇಕು? ರೆಕ್ಕೆ ತೋರಿಸಿ ಹೇಳಿದೆ, ಈಗ ಅವನೇ ಬೇರೆಯವರಿಗೆ ಹೇಳಿಕೊಡುತ್ತಾನೆ.

ಕೊನೆಗೆ ಬಟ್ಟೆ, ಕೂದಲು, ಗಡ್ಡ

ಕೈಯಲ್ಲಿ ಒಂದೇ ಥರದ ವಸ್ತು ಇರುವ ಇಬ್ಬರು ಸಂತರು ಸಿಕ್ಕಾಗ ತೀರ್ಪು ಕೊಡುವುದು ಬಟ್ಟೆ. ನಮ್ಮ ಕಡೆ ಅತಿ ಹೆಚ್ಚು ಗೊಂದಲ ಆಗುವ ಜೋಡಿ ಯೇಸುವಿನ ಸಾಕುತಂದೆ, ಬಡಗಿ ಜೋಸೆಫರು ಮತ್ತು ಅಂತೋಣಿಯವರು. ಇಬ್ಬರ ತೋಳಲ್ಲೂ ಬಾಲ ಯೇಸು, ಇಬ್ಬರ ಕೈಯಲ್ಲೂ ಲಿಲ್ಲಿ. ಮೈಸೂರಿನ ಚರ್ಚಿನ ಪೂರ್ತಿ ಹೆಸರಿನಲ್ಲಿ ಫಿಲೋಮಿನಾ ಜೊತೆ ಜೋಸೆಫರ ಹೆಸರೂ ಇದೆ. ಕೆ.ಆರ್.ನಗರದ ಹತ್ತಿರದ ಡೋರ್ನಹಳ್ಳಿಯ ಚರ್ಚ್ ಅಂತೋಣಿಯವರದು. ಒಂದೇ ಜಿಲ್ಲೆಯಲ್ಲಿ ಇಬ್ಬರೂ ಇರುವಾಗ ಇದು ಗೊತ್ತಿರಲೇಬೇಕು.

ಜೋಸೆಫರಿಗೆ ಗಡ್ಡ ಇರುತ್ತದೆ. ನಿಲುವಂಗಿಯ ಮೇಲೆ ಬೇರೆ ಬಣ್ಣದ ಇನ್ನೊಂದು ಹೊದಿಕೆ ಇರುತ್ತದೆ. ಉಳಿ, ಸುತ್ತಿಗೆ, ಗರಗಸ ಯಾವುದಾದರೂ ಬಡಗಿ ಸಾಮಾನು ಸುತ್ತಮುತ್ತ ಇದೆಯಾ ನೋಡಿ. ಕೆಲವು ಕಡೆ ಲಿಲ್ಲಿ ಊರುಗೋಲಿನ ತುದಿಯಲ್ಲೇ ಅರಳಿರುತ್ತದೆ.

ಅಂತೋಣಿಯವರಿಗೆ ಗಡ್ಡವಿಲ್ಲ. ನೆತ್ತಿ ಬೋಳಿಸಿ, ಸುತ್ತ ಮಾತ್ರ ಕೂದಲು ಬಿಟ್ಟಿರುತ್ತದೆ. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ. ಆ ಹಗ್ಗದ ಇಳಿಬಿದ್ದ ತುದಿಯನ್ನು ಹತ್ತಿರದಿಂದ ನೋಡಿ. ಮೂರು ಗಂಟುಗಳಿರುತ್ತವೆ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಅಸ್ಸಿಸಿಯ ಫ್ರಾನ್ಸಿಸರ ಸಭೆಯವರ ಗುರುತು ಅದು. ಇನ್ನೊಂದು ವಿಷಯ, ಬಾಲ ಯೇಸು ಎಷ್ಟೋ ಸಲ ಒಂದು ಪುಸ್ತಕದ ಮೇಲೆ ಕೂತಿರುತ್ತಾನೆ ಅಥವಾ ನಿಂತಿರುತ್ತಾನೆ. ಅಂತೋಣಿಯವರು 1195ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ 1231ರಲ್ಲಿ ಪಾದುವಾ ಬಳಿ ತೀರಿಕೊಂಡ ದೊಡ್ಡ ಬೋಧಕರು. ಅವರ ಕೀರ್ತನೆಗಳ ಪುಸ್ತಕವನ್ನು ಒಬ್ಬ ಹುಡುಗ ಕದ್ದೊಯ್ದು, ಆಮೇಲೆ ತಾನೇ ತಂದುಕೊಟ್ಟನಂತೆ. ಕಳೆದ ವಸ್ತು ಸಿಗಲಿ ಎಂದು ಜನ ಇವರಿಗೆ ಹರಕೆ ಹೊರುವುದು ಅದಕ್ಕೇ. ಡೋರ್ನಹಳ್ಳಿಯ ಪ್ರತಿಮೆಯೂ ಹೊಲ ಉಳುವಾಗ ರೈತನೊಬ್ಬನಿಗೆ ಮಣ್ಣಲ್ಲಿ ಸಿಕ್ಕಿದ್ದು ಎಂದು ಅಲ್ಲಿಯವರು ಹೇಳುತ್ತಾರೆ. ಕಳೆದದ್ದನ್ನು ಹುಡುಕಿಕೊಡುವ ಸಂತರೇ ಮಣ್ಣಿನಿಂದ ಎದ್ದು ಬಂದರು ಅನ್ನುವಾಗ ಮನಸ್ಸು ತುಂಬಿ ಬರುತ್ತದೆ. ಜೂನ್ 13ರ ಹಬ್ಬಕ್ಕೆ ಹೋದರೆ ಎಲ್ಲ ಜಾತಿ ಧರ್ಮದವರನ್ನೂ ಸಾಲಿನಲ್ಲಿ ಕಾಣಬಹುದು.

ಕಂದು ನಿಲುವಂಗಿ, ಹಗ್ಗ ಎಲ್ಲ ಇದ್ದು ಅಂಗೈಯಲ್ಲಿ ಗಾಯದ ಗುರುತಿದ್ದರೆ ಅದು ಫ್ರಾನ್ಸಿಸರೇ. ಪಕ್ಕದಲ್ಲಿ ಹಕ್ಕಿಗಳು ಅಥವಾ ತೋಳ ಇರಬಹುದು. ಕಂದು ಬಟ್ಟೆಯ ಮೇಲೆ ಕೆನೆ ಬಣ್ಣದ ಹೊದಿಕೆ, ತೋಳುಗಳ ತುಂಬ ಗುಲಾಬಿ, ಗುಲಾಬಿಗಳ ನಡುವೆ ಶಿಲುಬೆ ಇದ್ದರೆ 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಲಿಸ್ಯೂನ ತೆರೇಸಾ. ನಮ್ಮ ಮದರ್ ತೆರೇಸಾ ಅವರಿಗೆ ನೀಲಿ ಅಂಚಿನ ಬಿಳಿ ಸೀರೆ. ಅದೇ ಸಾಕು.

ಪೇತ್ರ ಮತ್ತು ಪೌಲರನ್ನು ಕೂದಲಿನಿಂದಲೂ ಗುರುತಿಸಬಹುದು. ಪೇತ್ರರಿಗೆ ಗುಂಗುರು ಬಿಳಿ ಕೂದಲು, ಗಿಡ್ಡ ಗಡ್ಡ. ಪೌಲರಿಗೆ ಮುಂದಲೆ ಬೋಳು, ಉದ್ದ ಗಡ್ಡ. ಸಾವಿರದ ಐನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೇ ಬರೆದುಕೊಂಡು ಬಂದಿದ್ದಾರೆ. ಯೊವಾನ್ನರು (ಸ್ನಾನಿಕರಲ್ಲ, ಶುಭಸಂದೇಶಕಾರರು) ಪ್ರೇಷಿತರ, ಅಂದರೆ ಯೇಸುವಿನ ಹನ್ನೆರಡು ಶಿಷ್ಯರ ಗುಂಪಿನಲ್ಲಿ ಗಡ್ಡವಿಲ್ಲದ ಹುಡುಗ.

ಇದು ಕಲಿತ ಮೇಲೆ ಕಿಟಕಿಗಳ ಕಡೆ ತಿರುಗಿ. ಮೈಸೂರಿನ ಚರ್ಚಿನ ಬಣ್ಣದ ಗಾಜಿನಲ್ಲಿ ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಗೇರಿಸಿದ್ದು, ಪುನರುತ್ಥಾನ, ಸ್ವರ್ಗಾರೋಹಣ ಇವೆಲ್ಲ ಇವೆ. ಕಡೆಯ ಭೋಜನದ ಚಿತ್ರ ಎಲ್ಲೇ ಸಿಗಲಿ, ದುಡ್ಡಿನ ಚೀಲ ಹಿಡಿದವನು ಯೇಸುವನ್ನು ಹಿಡಿದುಕೊಟ್ಟ ಯೂದ, ಯೇಸುವಿಗೆ ಒರಗಿದ ಹುಡುಗ ಯೊವಾನ್ನ. ಶಿಲುಬೆಯ ಚಿತ್ರದಲ್ಲಿ ಒಂದು ಕಡೆ ಯೇಸುವಿನ ತಾಯಿ ಮರಿಯಮ್ಮ, ಇನ್ನೊಂದು ಕಡೆ ಯೊವಾನ್ನ, ಬುಡದಲ್ಲಿ ಕೂದಲು ಬಿಟ್ಟುಕೊಂಡು ಅಳುವವಳು ಮಗ್ದಲದ ಮರಿಯ. ಪರಿಮಳ ತೈಲದ ಭರಣಿ ಇದ್ದರೆ ಅನುಮಾನವೇ ಬೇಡ.

ಮರಿಯಮ್ಮ ಒಬ್ಬರೇ, ರೂಪ ಹಲವು

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಮಲೋದ್ಭವ ಮಾತೆಯ, ಅಂದರೆ ಪಾಪದ ಕಲೆಯಿಲ್ಲದೆ ಉದ್ಭವಿಸಿದ ಮರಿಯಮ್ಮನ ಚರ್ಚ್ ಇದೆ. 1799ರ ಯುದ್ಧದ ನಂತರ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಚರ್ಚ್ ಅದು. ಜನ ಅವರನ್ನು ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಅಮಲೋದ್ಭವ ಮಾತೆ ಅಂದರೆ ಯಾವ ರೂಪ? ತೋಳಲ್ಲಿ ಮಗು ಇರುವುದಿಲ್ಲ. ಕಾಲಡಿ ಅರ್ಧಚಂದ್ರ, ತಲೆ ಸುತ್ತ 12 ನಕ್ಷತ್ರ, ಪಾದದ ಕೆಳಗೆ ತುಳಿದ ಹಾವು. ಲೂರ್ದ್ ಮಾತೆಯಾದರೆ ಬಿಳಿ ಬಟ್ಟೆ, ನೀಲಿ ಸೊಂಟಪಟ್ಟಿ, ಪಾದದ ಮೇಲೆ ಒಂದೊಂದು ಗುಲಾಬಿ, ತೋಳಿಗೆ ಜಪಸರ. 1858ರಲ್ಲಿ ಬರ್ನಡೆಟ್ ಎಂಬ ಹುಡುಗಿ ಕಂಡದ್ದು ಹೀಗೆ. ಎದೆಗೆ ಏಳು ಕತ್ತಿ ನಾಟಿದ್ದರೆ ವ್ಯಾಕುಲ ಮಾತೆ. ಜರಿ ಸೀರೆ ಉಟ್ಟು, ತಾಯಿ ಮಗು ಇಬ್ಬರಿಗೂ ಕಿರೀಟ ಇದ್ದರೆ ವೇಳಾಂಕಣಿಯ ಆರೋಗ್ಯ ಮಾತೆ.

ಲಂಗರು ಹಿಡಿದ ಹುಡುಗಿ

ಈಗ ಫಿಲೋಮಿನಾ. ಮೈಸೂರಿನ ಚರ್ಚಿನಲ್ಲಿ ನೆಲಮಾಳಿಗೆಗೆ ಮೆಟ್ಟಿಲಿಳಿದು ಹೋದರೆ ಅವರ ಮಲಗಿದ ಪ್ರತಿಮೆ ಇದೆ. ಇವರ ಗುರುತುಗಳು ಲಂಗರು, ಬಾಣ, ಗರಿ, ಎಷ್ಟೋ ಸಲ ಲಿಲ್ಲಿ. ಹಡಗಿಗೆ ಹಾಕುವ ಲಂಗರು ಈ ಎಳೆ ಹುಡುಗಿಗೆ ಎಲ್ಲಿಂದ ಬಂತು? ಇದನ್ನು ತಿಳಿದರೆ ಲಾಂಛನ ಎಂಥ ಗಟ್ಟಿ ವಸ್ತು ಅನ್ನುವುದು ಅರ್ಥವಾಗುತ್ತದೆ.

1802ರ ಮೇ ತಿಂಗಳಲ್ಲಿ ರೋಮ್‌ನ ಪ್ರಿಸಿಲ್ಲಾ ಎಂಬ ನೆಲದಡಿಯ ಪುರಾತನ ಸ್ಮಶಾನದಲ್ಲಿ ಒಂದು ಸಮಾಧಿ ಗೂಡು ಸಿಕ್ಕಿತು. ಒಳಗೆ ಎಳೆ ಹುಡುಗಿಯ ಮೂಳೆಗಳು. ಗೂಡಿನ ಬಾಯಿಗೆ ಮುಚ್ಚಿದ ಸುಟ್ಟ ಮಣ್ಣಿನ ಮೂರು ಹಲಗೆಗಳ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರಗಳಿದ್ದವು: "ಲುಮೇನಾ", "ಪಾಕ್ಸ್ ತೆ", "ಕುಮ್ ಫಿ". ಓದಿದರೆ ಅರ್ಥವಾಗದು. ಮೊದಲ ಹಲಗೆಯನ್ನು ಕೊನೆಗೆ ತಂದು ಇಟ್ಟು ನೋಡಿ: "ಪಾಕ್ಸ್ ತೇಕುಮ್ ಫಿಲುಮೇನಾ". ನಿನಗೆ ಶಾಂತಿ, ಫಿಲುಮೇನಾ. ಅಕ್ಷರಗಳ ಸುತ್ತ ಲಂಗರು, ಬಾಣ, ಗರಿಯ ಚಿತ್ರಗಳು. ಅಷ್ಟೇ. ಊರು, ತಂದೆ ತಾಯಿ, ಯಾವ ವಿವರವೂ ಇಲ್ಲ.

1805ರಲ್ಲಿ ಆ ಅವಶೇಷ ನೇಪಲ್ಸ್ ಹತ್ತಿರದ ಮುನ್ಯಾನೋ ಊರಿಗೆ ಹೋಯಿತು, ಭಕ್ತಿ ಹಬ್ಬಿತು. 1833ರಲ್ಲಿ ನೇಪಲ್ಸಿನ ಒಬ್ಬ ಸನ್ಯಾಸಿನಿ ತನಗೆ ದರ್ಶನದಲ್ಲಿ ತಿಳಿದದ್ದು ಎಂದು ಫಿಲೋಮಿನಾರ ಬದುಕನ್ನು ಹೇಳಿದರು. ಗ್ರೀಕ್ ರಾಜಕುಮಾರಿ. ಚಕ್ರವರ್ತಿ ದಯೊಕ್ಲೇಶಿಯನ್ ಮದುವೆಯಾಗು ಅಂದಾಗ ಒಲ್ಲೆ ಅಂದಳು. ಕುತ್ತಿಗೆಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರು, ದೇವದೂತರು ಹಗ್ಗ ಕತ್ತರಿಸಿದರು. ಬಾಣ ಬಿಟ್ಟರು, ಬಾಣಗಳು ಬಿಟ್ಟವರತ್ತಲೇ ತಿರುಗಿದವು. ಕೊನೆಗೆ ತಲೆ ಕಡಿದರು. ನೋಡಿ, ಹಲಗೆಯ ಮೇಲಿದ್ದ ಒಂದೊಂದು ಚಿತ್ರವೂ ಕಥೆಯ ಒಂದೊಂದು ಘಟನೆಯಾಗಿ ಬಂದಿದೆ.

ಆದರೆ ಆ ಸಮಾಧಿ ಮಾಡಿದ ಕಾಲದ ರೋಮ್‌ನ ಕ್ರೈಸ್ತರಿಗೆ ಲಂಗರು ಹಿಂಸೆಯ ಸಾಧನವಾಗಿರಲಿಲ್ಲ. ಸಮಾಧಿಗಳ ಮೇಲೆ ಅವರು ಇಷ್ಟಪಟ್ಟು ಬಿಡಿಸುತ್ತಿದ್ದ ಚಿಹ್ನೆ ಅದು. ಹಿಬ್ರಿಯರಿಗೆ ಬರೆದ ಪತ್ರದಲ್ಲಿ ಭರವಸೆಯನ್ನು ಆತ್ಮದ ಲಂಗರು ಎಂದಿದೆ. ಲಂಗರಿನ ಮೇಲಿನ ಅಡ್ಡಪಟ್ಟಿಯಲ್ಲಿ ಶಿಲುಬೆಯೂ ಅಡಗಿದೆ. ಬೇರೆ ಸಂತರಲ್ಲಿ ಕಥೆ ಮೊದಲು, ಲಾಂಛನ ಆಮೇಲೆ. ಇವರಲ್ಲಿ ಲಾಂಛನ ಮೊದಲು ಬಂತು. 1961ರಲ್ಲಿ ವ್ಯಾಟಿಕನ್ ಇವರ ಹಬ್ಬವನ್ನು ಪೂಜಾ ಕ್ಯಾಲೆಂಡರಿನಿಂದ ತೆಗೆಯಿತು. ಭಕ್ತಿ ನಿಲ್ಲಲಿಲ್ಲ. ಆಗಸ್ಟ್ 11 ಬಂದರೆ ನಮಗೆ ಇವತ್ತಿಗೂ ಅವರ ನೆನಪು. ನಾನು ಆ ಮೆಟ್ಟಿಲಿಳಿದಾಗಲೆಲ್ಲ ಮಗಳನ್ನು ಕಳೆದುಕೊಂಡ ಯಾರೋ ಮನೆಯವರು ಹಸಿ ದುಃಖದಲ್ಲಿ "ನಿನಗೆ ಶಾಂತಿ" ಎಂದು ಬರೆಸಿದ್ದು ನೆನಪಾಗುತ್ತದೆ. ಲಂಗರಿಗೆ ಅಷ್ಟು ಅರ್ಥ ಸಾಕು ನನಗೆ.

ಬಾಣ ಹಿಡಿದವರೆಲ್ಲ ಫಿಲೋಮಿನಾ ಅಲ್ಲ ಅನ್ನುವುದೂ ನೆನಪಿರಲಿ. ಕಿರೀಟ ತೊಟ್ಟು, ಹೊದಿಕೆಯಡಿ ಹುಡುಗಿಯರ ಗುಂಪಿಗೆ ಆಸರೆ ಕೊಟ್ಟಿದ್ದರೆ ಸಂತ ಉರ್ಸುಲಾ. ಬಾಣ ಕೈಯಲ್ಲಿರದೆ ಮೈಗೇ ನಾಟಿದ್ದರೆ, ಮರಕ್ಕೆ ಕಟ್ಟಿದ ಯುವಕನಾಗಿದ್ದರೆ ಸೆಬಾಸ್ಟಿಯನ್.

ಬಣ್ಣ ಹೊಡೆಸುವ ಮುಂಚೆ

ಇದು ಪ್ರತಿಮೆ ನೋಡಿಕೊಳ್ಳುವವರಿಗೆ, ಮನೆಯಲ್ಲಿ ಹಳೆಯ ಸ್ವರೂಪ (ಸಂತರ ಪ್ರತಿಮೆ) ಇಟ್ಟುಕೊಂಡವರಿಗೆ. ಹಬ್ಬ ಹತ್ತಿರ ಬಂತು ಅಂದರೆ ಬಣ್ಣ ಹೊಡೆಸುತ್ತೇವೆ. ಅಪಾಯ ಇರುವುದು ಆಗಲೇ. ಒಂದು ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ ಅಂತೋಣಿಯವರ ಕಂದು ಬಟ್ಟೆಗೆ ಚೆಂದ ಕಾಣಲಿ ಎಂದು ಆಕಾಶನೀಲಿ ಬಳಿದಿದ್ದರು. ಕೈಯ ಲಿಲ್ಲಿ ಮೊದಲೇ ಮುರಿದಿತ್ತು. ಎರಡೇ ವರ್ಷಕ್ಕೆ ಹೊಸದಾಗಿ ಬಂದವರು ಅವರನ್ನು ಬೇರೆ ಹೆಸರಿನಿಂದ ಕರೆಯಲು ಶುರುಮಾಡಿದರು. ನನಗೆ ತುಂಬ ಸಂಕಟವಾಯಿತು. ಕೈಯಲ್ಲಿದ್ದದ್ದು ಹೋದರೆ ಹೆಸರೂ ಹೋದಂತೆ.

ಹಾಗಾಗಿ ಬಣ್ಣಕ್ಕೆ ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕೈ ಮತ್ತು ಪಾದದ್ದು ಬೇರೆಯಾಗಿ, ಹತ್ತಿರದಿಂದ. ಬಟ್ಟೆಯ ಬಣ್ಣವನ್ನು ಬರೆದು ಪೇಂಟರ್ ಕೈಗೆ ಕೊಡಿ. ಮುರಿದ ಚೂರು ಎಷ್ಟೇ ಚಿಕ್ಕದಿರಲಿ, ಬಿಸಾಡಬೇಡಿ. ಮುಷ್ಟಿಯಲ್ಲಿ ತೂತು ಇದ್ದರೆ ಅಲ್ಲಿ ಏನೋ ಇತ್ತು ಅಂತಲೇ ಅರ್ಥ. ಅದನ್ನು ಪುಟ್ಟಿ ಹಾಕಿ ಮುಚ್ಚಲು ಬಿಡಬೇಡಿ.

ತೂತಿನ ವಿಷಯ ನಾನು ಕಲಿತದ್ದು ಸೆಬಾಸ್ಟಿಯನ್ನರಿಂದ. ಹಬ್ಬಕ್ಕೆ ಪ್ರತಿಮೆ ಒರೆಸಲು ಹೋದಾಗ ಮೂಲೆಯ ಬೀರುವಿನಲ್ಲಿ ಒಂದು ಹಳೆಯ ಪ್ರತಿಮೆ ಇತ್ತು. ಗಡ್ಡವಿಲ್ಲದ ಯುವಕ, ಸೊಂಟಕ್ಕೆ ತುಂಡು ಬಟ್ಟೆ, ಕೈ ಹಿಂದಕ್ಕೆ. ಯೇಸುವೇ ಇರಬೇಕು ಅಂದರು ಯಾರೋ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುತ್ತಾ ಹೋದಂತೆ ಬೆರಳಿಗೆ ಸಣ್ಣ ತೂತುಗಳು ಸಿಕ್ಕವು. ಭುಜದಲ್ಲಿ ಒಂದು, ಪಕ್ಕೆಯಲ್ಲಿ ಎರಡು, ತೊಡೆಯಲ್ಲಿ ಎರಡು. ಬೆನ್ನ ಹಿಂದೆ ಮರದ ಬುಡ. ಅದೇ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ. ತೆಗೆದು ನೋಡಿದರೆ ಹತ್ತಿಯಲ್ಲಿ ಸುತ್ತಿಟ್ಟ ಐದು ಹಿತ್ತಾಳೆ ಬಾಣಗಳು. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಜೋಪಾನವಾಗಿ ತೆಗೆದಿಟ್ಟಿದ್ದರು. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಒಂದೊಂದಾಗಿ ಸಿಕ್ಕಿಸಿದೆವು. ಸರಿಯಾಗಿ ಕೂತವು.

ಸೆಬಾಸ್ಟಿಯನ್ ರೋಮ್‌ನ ಸೈನಿಕರು. ಬಾಣಗಳಿಂದ ಅವರು ಸಾಯಲಿಲ್ಲ. ಐರೀನ್ ಎಂಬ ಹೆಂಗಸು ಆರೈಕೆ ಮಾಡಿ ಉಳಿಸಿದಳು. ಚೇತರಿಸಿಕೊಂಡು ಮತ್ತೆ ಚಕ್ರವರ್ತಿಯ ಎದುರು ನಿಂತಾಗ ದೊಣ್ಣೆಗಳಿಂದ ಹೊಡೆದು ಕೊಂದರು ಎನ್ನುತ್ತದೆ ಅವರ ಕಥೆ. ಆದರೂ ಗುರುತಾಗಿ ಉಳಿದದ್ದು ಬಾಣವೇ. ಆ ವರ್ಷ ಜನವರಿ 20ರ ಹಬ್ಬಕ್ಕೆ ಅಕ್ಕನನ್ನೂ ಕರೆದಿದ್ದೆ. ಬಾಗಿಲಲ್ಲಿ ನಿಂತು ದೂರದಿಂದಲೇ ನೋಡಿ, "ಸೆಬಾಸ್ಟಿಯನ್ನು, ಅಲ್ವಾ?" ಅಂದರು.

ಈಗ ಆ ಡಬ್ಬದ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇವೆ: "ಸಂತ ಸೆಬಾಸ್ಟಿಯನ್. ಬಾಣ 5. ಉದ್ದದ್ದು ಎಡ ಭುಜಕ್ಕೆ."